ಊರು ಬಿಡುವುದೋ, ಊರಲ್ಲೇ ಸಜ್ಜಾಗುವುದೋ?

ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಗಳಲ್ಲಿ ನೆರೆ ಬಂದಾಗಲೆಲ್ಲ ಒಂದೇ ಚರ್ಚೆ ಮೇಲೇಳುತ್ತದೆ. ಮುಳುಗುವ ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಬೇಕು ಎಂಬುದು ಒಂದು ವಾದ. ಜನ ಇದ್ದಲ್ಲೇ ಇರಲಿ, ನೆರೆ ಎದುರಿಸಲು ಊರನ್ನೇ ಸಜ್ಜುಗೊಳಿಸೋಣ ಎಂಬುದು ಇನ್ನೊಂದು. ಎರಡರ ಹಿಂದೆಯೂ ನೊಂದವರ ಅನುಭವವಿದೆ.

ಸ್ಥಳಾಂತರ ಬೇಕೆನ್ನುವವರು 2009ನ್ನು ನೆನಪಿಸುತ್ತಾರೆ. ಆ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಲವರ ಜೀವ ತೆಗೆದದ್ದು ನೆನೆದು ಕುಸಿದ ಮಣ್ಣಿನ ಗೋಡೆಗಳು. ಹತ್ತು ವರ್ಷ ಕಳೆದು, 2019ರ ಆಗಸ್ಟ್‌ನಲ್ಲಿ ಅದೇ ನದಿಗಳು ಮತ್ತೆ ಉಕ್ಕಿದವು. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ಮಲಪ್ರಭೆಗೆ ಕಟ್ಟಿರುವ ನವಿಲುತೀರ್ಥ ಅಣೆಕಟ್ಟು ತುಂಬದ ವರ್ಷಗಳಲ್ಲಿ ಅದರ ಕೆಳಗೆ ನದಿ ಒಣಗಿ ನಿಲ್ಲುತ್ತದೆ. ಆಗ ಹೊಲಗಳು ಪಾತ್ರದೊಳಕ್ಕೆ ಇಳಿಯುತ್ತವೆ, ಜಾಲಿಕಂಟಿ ಬೆಳೆಯುತ್ತದೆ. ಜಲಾಶಯ ತುಂಬಿ ಗೇಟು ತೆರೆದ ದಿನ ನೀರಿಗೆ ದಾರಿಯಿಲ್ಲದೆ ಊರೊಳಗೆ ಹರಿಯುತ್ತದೆ. ಪ್ರತಿ ಸಲ ಕಾಳಜಿ ಕೇಂದ್ರ, ಪರಿಹಾರ, ಮನೆ ದುರಸ್ತಿ ಎಂದು ಖರ್ಚು ಮಾಡುವುದಕ್ಕಿಂತ ಒಮ್ಮೆ ಊರನ್ನೇ ಮೇಲಕ್ಕೆ ಒಯ್ಯುವುದು ಲೇಸು ಎಂಬ ಮಾತಿನಲ್ಲಿ ತೂಕವಿದೆ.

ಆದರೆ ಹಾಗೆ ಒಯ್ದು ನೋಡಿಯೂ ಆಗಿದೆ. 2009ರ ನಂತರ ಸರ್ಕಾರವು ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಲ್ಲಿ ಸಾವಿರಾರು ಮನೆ ಕಟ್ಟಿತು. ಹಲವು ಕಡೆ ಜನ ಬರಲೇ ಇಲ್ಲ. ಬೀಗ ಹಾಕಿದ ಮನೆಗಳ ಸುತ್ತ ಕಂಟಿ ಬೆಳೆಯಿತು. ಕಾರಣ ತಿಳಿಯಲು ಹಳೇ ಊರಿನ ಒಂದು ಒಕ್ಕಲು ಮನೆಯೊಳಗೆ ಹೋಗಬೇಕು. ಬಾಗಿಲು ದಾಟಿದರೆ ಒಂದು ಕಡೆ ಮೇವು ಹಾಕುವ ಗ್ವಾದಲಿಯ ಮುಂದೆ ಎತ್ತು, ಎಮ್ಮೆ, ಮೇಲೆ ಪಡಸಾಲೆ, ಒಳಗೆ ಜೋಳದ ಚೀಲ, ಹಿತ್ತಲಲ್ಲಿ ಕಣಿಕೆಯ ಬಣವೆ, ತಿಪ್ಪೆ. ಇದಕ್ಕೆ ಬದಲಾಗಿ ಸಿಕ್ಕಿದ್ದು ಸಿಮೆಂಟಿನ ಚಿಕ್ಕ ಮನೆ. ಎಮ್ಮೆ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಜಾಗವಿಲ್ಲ, ಹೊಲ ಮಾತ್ರ ಹೊಳೆಯ ದಂಡೆಯಲ್ಲೇ ಉಳಿಯಿತು. ಹಕ್ಕುಪತ್ರಕ್ಕಾಗಿ ಅಲೆದವರೂ ಇದ್ದಾರೆ. ಹೊಸ ಮನೆಗೆ ಬೀಗ ಹಾಕಿ ಹಳೇ ಮನೆಗೆ ಮರಳಿದವರನ್ನು ಹಟಮಾರಿಗಳೆಂದು ಕರೆಯುವುದು ಅನ್ಯಾಯ. ಅವರು ಹೊಟ್ಟೆಪಾಡಿನ ಲೆಕ್ಕ ಹಾಕಿದ್ದರು.

ಇದ್ದಲ್ಲೇ ಸಜ್ಜಾಗಿ ಎನ್ನುವವರ ಬಳಿ ಒಡಿಶಾದ ಉದಾಹರಣೆ ಇದೆ. 1999ರ ಮಹಾ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಬಲಿಯಾದರು. ಆಮೇಲೆ ಆ ರಾಜ್ಯ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿ, ಊರೂರಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟಿತು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ. ಯಾರೂ ಶಾಶ್ವತವಾಗಿ ಊರು ಬಿಡದೆ ಇಷ್ಟು ಜೀವ ಉಳಿದವು.

ಈ ವಾದಕ್ಕೂ ಮಿತಿಯಿದೆ. ಸಿದ್ಧತೆ ಜೀವ ಉಳಿಸುತ್ತದೆ. ಮನೆ, ಬೆಳೆ ಉಳಿಸುವುದಿಲ್ಲ. ಎರಡು ಸಲ ಎಚ್ಚರಿಕೆ ಕೊಟ್ಟು ನೀರು ಬಾರದಿದ್ದರೆ ಮೂರನೆಯ ಸಲ ಡಂಗುರಕ್ಕೆ ಯಾರೂ ಕಿವಿಗೊಡುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆ ಸಿದ್ಧಪಡಿಸಬೇಕು. ಆ ಯೋಜನೆಯಲ್ಲಿ ತಮ್ಮ ಊರಿನ ಬಗ್ಗೆ ಏನಿದೆ ಎಂಬುದು ದಂಡೆಯ ಜನರಿಗೆ ತಿಳಿಯದಿದ್ದರೆ ಅದು ಕಡತವಾಗಿಯೇ ಉಳಿಯುತ್ತದೆ.

ಹಾಗಾದರೆ ಯಾವುದು ಸರಿ? ಆಪತ್ತು ಎಷ್ಟು ಸಮಯ ಕೊಟ್ಟು ಬರುತ್ತದೆ ಎಂಬುದೇ ಇದನ್ನು ತೀರ್ಮಾನಿಸಬೇಕು ಎಂದು ನನಗನ್ನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಊರುಗಳು ಕೊಚ್ಚಿಹೋದಾಗ ಓಡಲು ಕ್ಷಣಗಳೂ ಸಿಗಲಿಲ್ಲ. ಅಂಥ ಇಳಿಜಾರಿನ ಕೆಳಗೆ ವಾಸಿಸುವವರಿಗೆ ಸ್ಥಳಾಂತರವೇ ದಾರಿ. ಅಲ್ಲಿ ತರಬೇತಿ, ಸೈರನ್‌ಗಳನ್ನೇ ನಂಬಿ ಕೂರುವಂತಿಲ್ಲ. ಬಯಲುಸೀಮೆಯ ನದಿಗಳಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರು ಊರು ತಲುಪಲು ಸಾಮಾನ್ಯವಾಗಿ ಗಂಟೆಗಳು ಬೇಕು. ಆ ಗಂಟೆಗಳನ್ನು ಬಳಸಿಕೊಳ್ಳಬಲ್ಲ ಊರು ಬಹುಪಾಲು ಜೀವಗಳನ್ನು ಉಳಿಸಿಕೊಳ್ಳುತ್ತದೆ. ಅಲ್ಲಿ ಸಿದ್ಧತೆ ಮೊದಲು. ಪದೇಪದೇ ಮುಳುಗುವ ಓಣಿಗಳಿಗೆ ಮಾತ್ರ ಸ್ಥಳಾಂತರವಿರಲಿ. ಅದೂ ಹೊಲಕ್ಕೆ ಹತ್ತಿರದಲ್ಲಿ, ದನ ಕಟ್ಟುವ ಜಾಗದೊಂದಿಗೆ, ಊರವರೇ ಒಪ್ಪಿದ ನಿವೇಶನದಲ್ಲಿ, ಮೊದಲ ದಿನವೇ ಹಕ್ಕುಪತ್ರ ಕೊಟ್ಟು ಆಗಲಿ.

ಸರ್ಕಾರ ನಿರ್ಧರಿಸುವವರೆಗೂ ಊರು ಕಾಯಬೇಕಿಲ್ಲ. ಮುಂಗಾರಿಗೆ ಮೊದಲು ಗ್ರಾಮಸಭೆ ಸೇರಿ ಒಂದು ಪಟ್ಟಿ ಮಾಡಲಿ: ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ತುಂಬು ಗರ್ಭಿಣಿಯರು ಎಷ್ಟು ಮಂದಿ, ಯಾರ ಟ್ರ್ಯಾಕ್ಟರ್ ಯಾವ ಓಣಿಗೆ ಹೋಗಬೇಕು, ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು, ನೀರು ಬಿಟ್ಟ ಸುದ್ದಿಯ ಫೋನ್ ಯಾರಿಗೆ ಬರುತ್ತದೆ. ಈ ಪಟ್ಟಿಗೆ ಅನುದಾನ ಬೇಕಿಲ್ಲ. ಅದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ, ವರ್ಷಕ್ಕೊಮ್ಮೆ ತಿದ್ದಿ, ಮಕ್ಕಳಿಗೂ ಓದಿ ಹೇಳಿ.