ಹೊಂದಿಕೆಯ ವಿವೇಕ

ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೆಯ ಗೇಟು ಕೊಚ್ಚಿಹೋಯಿತು; ರೈತರ ಬೆಳೆಗೆ ಬೇಕಾದ ನೀರು ಹರಿದುಹೋಗತೊಡಗಿತು. ಆಗ ಯಾರೂ ಅಣೆಕಟ್ಟನ್ನೇ ಕೆಡವಲಿಲ್ಲ. ಆ ಒಂದು ಕಿಂಡಿಯ ಅಳತೆಗೆ ಹೊಂದುವ ಉಕ್ಕಿನ ಹಲಗೆಗಳನ್ನು ಇಳಿಸಿ ನೀರನ್ನು ತಡೆದರು.

ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕಯಂತ್ರಕ್ಕೂ ಈ ವಿವೇಕವೇ ಬೇಕು. ಅದು ಆರಂಭವಾಗಲು ತಡಮಾಡಿದರೆ ಇಡೀ ಯಂತ್ರವನ್ನು ಎಸೆಯಬೇಕಾಗಿಲ್ಲ. ತಟ್ಟೆಗಳು ತಿರುಗುವ ಹಾರ್ಡ್ ಡಿಸ್ಕಿನ ಬದಲು, ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಅಳವಡಿಸಿದರೆ ಸಾಮಾನ್ಯವಾಗಿ ತಡ ನೀಗುತ್ತದೆ. ಆದರೆ ನೋಟಕ್ಕೆ ಒಂದೇ ಎನಿಸುವ ಎಂ.2 ಡ್ರೈವುಗಳಲ್ಲಿಯೂ ಸಾಟಾ, ಎನ್‌ವಿಎಂಇ ಎಂಬ ಭೇದವುಂಟು. ಮದರ್‌ಬೋರ್ಡು ಒಪ್ಪದ ಬಗೆಯನ್ನು ಕೊಂಡರೆ ಕಷ್ಟಾರ್ಜಿತ ಹಣ ವ್ಯರ್ಥ.

ಮೊದಲು ದೋಷವನ್ನು ಅರಿಯಬೇಕು, ಬಳಿಕ ಹೊಂದಿಕೆಯನ್ನು ನೋಡಬೇಕು. ಕೊಳ್ಳುವುದು ಅನಂತರದ ಮಾತು.