ಮಕ್ಕಳ ಭವಿಷ್ಯ ಹೇಳುವವರು

ಗಿಳಿಶಾಸ್ತ್ರದವನ ಮಾತು ಸುಳ್ಳಾದರೆ ನಾವು ಕಳೆದುಕೊಳ್ಳುವುದು ಹತ್ತೋ ಇಪ್ಪತ್ತೋ ರೂಪಾಯಿ. ಪ್ರೊಫೆಸರರ ಮಾತು ಸುಳ್ಳಾದರೆ? ಅಮೆರಿಕದಲ್ಲಿ ನಡೆದದ್ದನ್ನು ಕೇಳಿ.

ಜೇಮ್ಸ್ ಅಲನ್ ಫಾಕ್ಸ್ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಅಪರಾಧಶಾಸ್ತ್ರ ಕಲಿಸಿದವರು. 1985ರಲ್ಲಿ ಜ್ಯಾಕ್ ಲೆವಿನ್ ಜೊತೆ ಸಾಮೂಹಿಕ ಕೊಲೆಗಳ ಬಗ್ಗೆ ಪುಸ್ತಕ ಬರೆದರು. ದೊಡ್ಡ ಕೊಲೆ ಪ್ರಕರಣ ನಡೆದಾಗಲೆಲ್ಲ ಪತ್ರಿಕೆ, ಟೀವಿಯವರು ಹುಡುಕಿಕೊಂಡು ಬರುವಷ್ಟು ಹೆಸರಾದರು. 1990ರ ದಶಕದ ನಡುವಿನಲ್ಲಿ ಅವರು ಲೆಕ್ಕ ಹಾಕಿ ಹೇಳಿದರು: ಚಿಕ್ಕ ಮಕ್ಕಳ ಸಂಖ್ಯೆ ಹೆಚ್ಚಿದೆ, ಅವರು ಹದಿಹರೆಯಕ್ಕೆ ಬಂದಾಗ ದೇಶದಲ್ಲಿ ರಕ್ತಪಾತವಾದೀತು. ಪ್ರಿನ್ಸ್‌ಟನ್ನಿನ ಪ್ರೊಫೆಸರ್ ಜಾನ್ ಡಿಯುಲಿಯೊ 1995ರಲ್ಲಿ ಇಂಥ ಹುಡುಗರಿಗೆ 'ಸೂಪರ್ ಪ್ರೆಡೇಟರ್' ಎಂದೇ ಹೆಸರಿಟ್ಟರು. ಬೇಟೆಯಾಡುವ ಮೃಗಕ್ಕೆ ಹೇಳುವ ಮಾತದು. ಆಗಿನ್ನೂ ಆ ಮಕ್ಕಳಲ್ಲಿ ಎಷ್ಟೋ ಜನ ಮಗ್ಗಿ ಕಲಿಯುತ್ತಿದ್ದರು!

ಆದದ್ದೇನು? 1994ರಿಂದಲೇ ಎಳೆಯರ ಕೊಲೆ ಪ್ರಕರಣಗಳು ಇಳಿಯತೊಡಗಿ, 2000ದ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾದವು. ಆದರೆ ಭಯ ಇಳಿಯಲಿಲ್ಲ. ಆ ದಶಕದಲ್ಲಿ ಅಲ್ಲಿನ ಬಹುಪಾಲು ರಾಜ್ಯಗಳು ಮಕ್ಕಳನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸುವುದನ್ನು ಸುಲಭ ಮಾಡಿದವು. ಅದರ ಏಟು ಹೆಚ್ಚು ಬಿದ್ದದ್ದು ಕಪ್ಪು ಹುಡುಗರ ಮೇಲೆ.

2012ರಲ್ಲಿ ಮಿಲ್ಲರ್ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಹದಿನಾಲ್ಕರ ವಯಸ್ಸಿನಲ್ಲಿ ಕೊಲೆ ಮಾಡಿದವನಿಗೆ ಸಾಯುವವರೆಗೂ ಜೈಲು ಕಡ್ಡಾಯವೇ ಎಂಬುದು ಪ್ರಶ್ನೆ. ಆ ಭವಿಷ್ಯ ನಿಜವಾಗಲಿಲ್ಲ ಎಂದು ತಿಳಿಸುವ ಮನವಿಗೆ ಫಾಕ್ಸ್, ಡಿಯುಲಿಯೊ ಇಬ್ಬರೂ ಸಹಿ ಹಾಕಿದರು. ಹದಿನೆಂಟು ತುಂಬದವರಿಗೆ ಅಂಥ ಶಿಕ್ಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೋರ್ಟು ಹೇಳಿತು. ಸಹಿ ಹಾಕಿದ್ದು ದೊಡ್ಡ ಗುಣವೇ. ಆಮೇಲೂ ಶಾಲೆಗಳಲ್ಲಿ ಗುಂಡಿನ ದಾಳಿಯಾದಾಗ, ಶಾಲೆಗಳು ಮೊದಲಿಗಿಂತ ಸುರಕ್ಷಿತವಾಗಿವೆ, ಗಾಬರಿಯಾಗಬೇಡಿ ಎಂದವರೂ ಫಾಕ್ಸರೇ. ಆದರೆ ಭವಿಷ್ಯ ನುಡಿದದ್ದು ಊರಿಗೆಲ್ಲ ಕೇಳುವಂತೆ, ತಪ್ಪೊಪ್ಪಿದ್ದು ಕೋರ್ಟಿನ ಕಾಗದದಲ್ಲಿ. ಇದು ಯಾವ ನ್ಯಾಯ?

ಕೇಳುವ ಹಕ್ಕು ನನಗೂ ಪೂರ್ತಿ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೇ ತರಗತಿಯ ಹುಡುಗನ ಚೀಲದಲ್ಲಿ ಚಾಕು ಸಿಕ್ಕಿತು. "ಇವನು ನಾಳೆ ಕೊಲೆಗಾರನಾಗುತ್ತಾನೆ ಸಾರ್" ಎಂದು ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರೆದುರು ಹೇಳಿದವಳು ನಾನೇ. ಟಿ.ಸಿ. ಕೊಟ್ಟು ಕಳಿಸಿದರು. ಅವನು ದಿನಾ ಬೆಳಿಗ್ಗೆ ಬಾಳೆಎಲೆ ಕೊಯ್ದು ಹೋಟೆಲಿಗೆ ಹಾಕಿ ಶಾಲೆಗೆ ಬರುತ್ತಿದ್ದನೆಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಅವನ ತಾಯಿಯ ಬಳಿ ಹೋಗಿ "ತಪ್ಪಾಯ್ತಮ್ಮ" ಎನ್ನಲಿಲ್ಲ. ನನಗೆ ನಾಚಿಕೆ ಅಡ್ಡ ಬಂತು. ಅವನಿಗೆ ಓದೇ ನಿಂತಿತು.

ಅದಕ್ಕೇ ತಾಯಂದಿರಿಗೆ ಹೇಳುತ್ತೇನೆ. ಈಗಿನ ಮಕ್ಕಳು ಹಾಳಾದರು ಎಂದು ಪಂಡಿತರು ಟೀವಿಯಲ್ಲಿ ಹೇಳಿದರೆ, ಹಿಂದೆ ಹೇಳಿದ್ದು ಏನಾಯಿತು ಸ್ವಾಮಿ ಎಂದು ಕೇಳಿ. ಟೀಚರ್ ಹೇಳಿದರೂ ಕೇಳಿ. ನನ್ನನ್ನು ಅಂದು ಯಾರೂ ಕೇಳಲಿಲ್ಲ.