ಡಬ್ಬಿ ಕರಗಲಿಲ್ಲ ಎಂದ ಮಾತ್ರಕ್ಕೆ ಹಾವು ಸುರಕ್ಷಿತವೇ? ಹೀಟ್ ಮ್ಯಾಟ್‌ನ ಬಿಸಿಯ ಲೆಕ್ಕ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಆನಗೋಡು ಸಿಗುತ್ತದೆ. ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯ ಇರುವುದರಿಂದ ಈ ಊರಿನ ಹೆಸರು ಸುತ್ತಲಿನ ಮಕ್ಕಳಿಗೂ ಗೊತ್ತು. ಈ ಭಾಗದಲ್ಲಿ ಬೇಸಿಗೆಯ ಹಗಲು 37–38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಅದೇ ಊರು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಾವು, ಹಲ್ಲಿಗಳನ್ನು ಸಾಕುವವರಿಗೆ ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದಂತಹ ದೇಶಗಳ ತಣ್ಣನೆಯ ಕೋಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿನ ಚಿಂತೆ ಬಿಸಿಯನ್ನು ಎಲ್ಲಿಂದ ತರುವುದು ಎಂಬುದು. ನಮ್ಮ ಕಡೆ ವರ್ಷದ ಬಹುಪಾಲು ದಿನ ಇರುವ ಪ್ರಶ್ನೆಯೇ ಬೇರೆ: ಒಳಗೆ ಸೇರಿದ ಬಿಸಿ ಎಲ್ಲಿಗೆ ಹೋಗುತ್ತದೆ?

ಈ ಲೇಖನದಲ್ಲಿ ಪ್ಲಾಸ್ಟಿಕ್ ಡಬ್ಬಿಯ ಅಡಿಗೆ ಇಡುವ ಹೀಟ್ ಮ್ಯಾಟ್ ಹೇಗೆ ಕೆಲಸ ಮಾಡುತ್ತದೆ, ಅದರ ಬಗ್ಗೆ ಹರಿದಾಡುವ ನಂಬಿಕೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನೋಡೋಣ.

ಮೊದಲು ಕಾನೂನಿನ ಮಾತು

ನಕ್ಷತ್ರ ಆಮೆ, ಹೆಬ್ಬಾವು, ಉಡ, ನಾಗರಹಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಪ್ರಾಣಿಗಳು. ಮನೆಯಲ್ಲಿ ಸಾಕುವುದು ಅಪರಾಧ. ‘ಮರಿಯಿಂದ ಸಾಕಿದ್ದೇವೆ’, ‘ಅದೃಷ್ಟಕ್ಕೆ ಇಟ್ಟುಕೊಂಡಿದ್ದೇವೆ’ ಎಂಬ ಮಾತುಗಳು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಬಾಲ್ ಪೈಥಾನ್‌ನಂತಹ ವಿದೇಶಿ ಜೀವಿಗಳ ವಿಷಯ ಬೇರೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಇದರ ನಿಯಮಗಳು 2024ರಲ್ಲಿ ಬಂದವು. ಮುಂದೆ ನಾವು ಹೇಳುವುದೆಲ್ಲ ಹೀಗೆ ಕಾನೂನುಬದ್ಧವಾಗಿ ಸಾಕಿದ ಪ್ರಾಣಿಗಳಿಗೆ ಸಂಬಂಧಿಸಿದ್ದು.

ತಣ್ಣನೆಯ ರಕ್ತ ಎಂದರೇನು?

ಸರೀಸೃಪಗಳನ್ನು ‘ಶೀತರಕ್ತ ಪ್ರಾಣಿ’ ಎಂದು ಶಾಲೆಯಲ್ಲಿ ಓದಿರುತ್ತೇವೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಬಿಸಿಲಿನಲ್ಲಿ ಮಲಗಿದ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು. ವ್ಯತ್ಯಾಸ ಇರುವುದು ಬಿಸಿ ಬರುವ ಮೂಲದಲ್ಲಿ. ನಾವು ತಿಂದ ಅನ್ನದಿಂದ ಮೈ ಬೆಚ್ಚಗೆ ಇಟ್ಟುಕೊಳ್ಳುತ್ತೇವೆ. ಅವು ಬಿಸಿಲಿಗೆ ಬಂದು, ನೆರಳಿಗೆ ಸರಿದು ಮೈಯ ಬಿಸಿಯನ್ನು ಸರಿಪಡಿಸಿಕೊಳ್ಳುತ್ತವೆ. ಅಂದರೆ ಹಾವಿಗೆ ಬೇಕಾದದ್ದು ಬಿಸಿಯಷ್ಟೇ ಅಲ್ಲ, ಆಯ್ಕೆ. ಬಯಲಿನಲ್ಲಿ ಬಂಡೆ, ಬಿಲ, ಪೊದೆ, ನೀರಿನ ಅಂಚು ಎಲ್ಲ ಇರುತ್ತವೆ. ಎರಡು ಅಡಿ ಉದ್ದದ ಡಬ್ಬಿಯಲ್ಲಿ ಆ ಆಯ್ಕೆಯನ್ನು ನಾವೇ ಮಾಡಿಕೊಡಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಬಾಲ್ ಪೈಥಾನ್‌ಗೆ ಬೆಚ್ಚನೆಯ ತುದಿಯ ನೆಲ 31–33 ಡಿಗ್ರಿ, ತಂಪು ತುದಿ 25–27 ಡಿಗ್ರಿ ಇದ್ದರೆ ಸರಿ.

ಹೀಟ್ ಮ್ಯಾಟ್ ಡಬ್ಬಿಯ ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಇಡೀ ತಳಕ್ಕೆ ಮ್ಯಾಟ್ ಹಾಸಿದರೆ ಪ್ರಾಣಿಗೆ ಸರಿದುಕೊಳ್ಳಲು ಜಾಗವೇ ಉಳಿಯುವುದಿಲ್ಲ.

ನಂಬಿಕೆ 1: ಪ್ಲಾಸ್ಟಿಕ್ ಕರಗಿದರೆ ಮಾತ್ರ ಅಪಾಯ

ಸಾಕುವವರ ಮೊದಲ ಹೆದರಿಕೆ ಡಬ್ಬಿ ಕರಗೀತು ಎಂಬುದು. ಅಂಕಿ ನೋಡೋಣ. ಇಂತಹ ಡಬ್ಬಿಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್‌ನವು. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುತ್ತದೆ. ಇದು ಕರಗಲು ಸುಮಾರು 160 ಡಿಗ್ರಿ ಬೇಕು. 1 ಎಂಬ ಅಂಕಿಯ ಪೆಟ್ ಪ್ಲಾಸ್ಟಿಕ್ 70–80 ಡಿಗ್ರಿಗೇ ಮೆತ್ತಗಾಗುತ್ತದೆ. ಹಾಗಾಗಿ ಪೆಟ್ ಡಬ್ಬಿ ಈ ಕೆಲಸಕ್ಕೆ ಬೇಡ.

ಈಗ ಚರ್ಮದ ಕಡೆ ಬನ್ನಿ. ಬಿಸಿ ಮತ್ತು ಸುಟ್ಟಗಾಯದ ಸಂಬಂಧವನ್ನು ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು 1947ರಲ್ಲಿ ಹಂದಿ ಹಾಗೂ ಮನುಷ್ಯರ ಚರ್ಮದ ಮೇಲೆ ಅಳೆದರು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಬರೀ 44 ಡಿಗ್ರಿಯಾದರೂ ಸುಮಾರು 6 ಗಂಟೆ ಸತತವಾಗಿ ತಾಗಿದರೆ ಗಾಯವಾಗುತ್ತದೆ. ಕೈ ಇಟ್ಟು ನೋಡಿದಾಗ ‘ಹಿತವಾಗಿ ಬೆಚ್ಚಗಿದೆ’ ಅನ್ನಿಸುವ ಬಿಸಿ ಅದು. ಹಾವಿನ ಚರ್ಮ ನಮ್ಮದರಂತಲ್ಲ, ಈ ಅಂಕಿಗಳು ಅದಕ್ಕೆ ಹಾಗೆಯೇ ಹೊಂದುವುದೂ ಇಲ್ಲ. ಆದರೆ ತತ್ತ್ವ ಒಂದೇ: ಸುಡುವುದು ಬಿಸಿಯೊಂದೇ ಅಲ್ಲ, ಬಿಸಿ ಮತ್ತು ಹೊತ್ತು ಎರಡೂ ಸೇರಿ. ನಾವು ಅರ್ಧ ನಿಮಿಷ ಕೈ ಇಟ್ಟು ತೆಗೆಯುತ್ತೇವೆ. ಹಾವು ಅಲ್ಲೇ ಸುತ್ತಿಕೊಂಡು ದಿನವಿಡೀ ಮಲಗುತ್ತದೆ.

ಪ್ಲಾಸ್ಟಿಕ್ ಕರಗುವ ಬಿಸಿಗೂ ಪ್ರಾಣಿಯ ಹೊಟ್ಟೆ ಸುಡುವ ಬಿಸಿಗೂ ನಡುವೆ ನೂರು ಡಿಗ್ರಿಗಿಂತ ಹೆಚ್ಚು ಅಂತರವಿದೆ. ಡಬ್ಬಿಯ ಮೇಲೆ ಒಂದು ಗೆರೆಯೂ ಬೀಳದೆ ಒಳಗಿನ ಹಾವು ಸುಟ್ಟುಕೊಂಡಿರಬಹುದು.

ನಂಬಿಕೆ 2: ದಪ್ಪ ಹಾಸು ಹಾಕಿದರೆ ಪ್ರಾಣಿಗೆ ಬಿಸಿ ತಾಗದು

ಇದಕ್ಕೂ ಒಂದು ಸಣ್ಣ ಲೆಕ್ಕ ಹಾಕೋಣ. 28 ಸೆಂ.ಮೀ. ಉದ್ದ, ಅಷ್ಟೇ ಅಗಲದ 14 ವ್ಯಾಟ್ ಮ್ಯಾಟ್ ಪ್ರತಿ ಚದರ ಮೀಟರ್‌ಗೆ ಸುಮಾರು 180 ವ್ಯಾಟ್ ಬಿಸಿ ಹೊರಹಾಕುತ್ತದೆ. ಅಷ್ಟೂ ಬಿಸಿ ಮೇಲಕ್ಕೇ ಹೋಗಬೇಕು ಎಂದುಕೊಳ್ಳಿ. 2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ತಳವನ್ನು ದಾಟಲು ಅದಕ್ಕೆ ಬೇಕಾಗುವ ತಾಪಮಾನದ ವ್ಯತ್ಯಾಸ ಸುಮಾರು 2 ಡಿಗ್ರಿ ಮಾತ್ರ. ಅದೇ 1 ಸೆಂ.ಮೀ. ಒಣ ತೆಂಗಿನ ನಾರಿನ ಪುಡಿಯನ್ನು ದಾಟಲು 20 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬೇಕು. 5 ಸೆಂ.ಮೀ. ಹಾಸಿದರೆ ಲೆಕ್ಕ 100 ಡಿಗ್ರಿ ದಾಟುತ್ತದೆ. ನಿಜದಲ್ಲಿ ಒಂದಷ್ಟು ಬಿಸಿ ಕೆಳಕ್ಕೂ ಪಕ್ಕಕ್ಕೂ ಸೋರುವುದರಿಂದ ಅಷ್ಟಕ್ಕೆ ಏರುವುದಿಲ್ಲ. ಆದರೂ ದಿಕ್ಕು ಸ್ಪಷ್ಟ. ಬಿಸಿಯನ್ನು ತಡೆಯುವುದು ಪ್ಲಾಸ್ಟಿಕ್ ಅಲ್ಲ, ಹಾಸು.

ಪರಿಣಾಮ ಏನು? ಮೇಲ್ಮೈ ತಣ್ಣಗೆ ಇರುತ್ತದೆ. ಸಾಕುವವರು ‘ಬಿಸಿ ಸಾಲದು’ ಎಂದು ಮ್ಯಾಟ್ ಅನ್ನು ಇನ್ನಷ್ಟು ಏರಿಸುತ್ತಾರೆ. ಹಾಸಿನ ಅಡಿಯಲ್ಲಿ ತಳ ಕಾದ ಹೆಂಚಾಗುತ್ತದೆ. ಮಣ್ಣು ಕೊರೆಯುವ ಸ್ವಭಾವದ ಪ್ರಾಣಿ ಬೆಚ್ಚಗಿನ ಜಾಗ ಹುಡುಕಿಕೊಂಡು ನೇರ ಅಲ್ಲಿಗೇ ಇಳಿಯುತ್ತದೆ. ಮರಳು ಹಾಸಿದರೆ ಇನ್ನೊಂದು ತೊಡಕಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಹೊಸತಲ್ಲ: ಕಾದ ಮರಳು ಬೆಂಕಿ ಆರಿದ ಮೇಲೂ ಬೇಗ ಕಾವು ಬಿಡುವುದಿಲ್ಲ. ಮ್ಯಾಟ್ ಬಳಸುವುದಾದರೆ ಬೆಚ್ಚನೆಯ ತುದಿಯಲ್ಲಿ ಕಾಗದ ಅಥವಾ ತೀರ ತೆಳುವಾದ ಹಾಸು ಸಾಕು.

ನಂಬಿಕೆ 3: ಬಿಸಿಯಾದರೆ ಹಾವು ತಾನೇ ಸರಿದುಕೊಳ್ಳುತ್ತದೆ

ಸರಿದುಕೊಳ್ಳಲು ಎರಡು ಷರತ್ತುಗಳಿವೆ. ಸರಿಯುವ ಜಾಗ ಇರಬೇಕು, ಆ ಜಾಗ ಇರಲು ಯೋಗ್ಯವಾಗಿರಬೇಕು. ಡಬ್ಬಿಯ ಉಳಿದ ಭಾಗ 18 ಡಿಗ್ರಿ ಇದ್ದು ಮ್ಯಾಟ್ ಇರುವ ಜಾಗ ಮಾತ್ರ ಬೆಚ್ಚಗಿದ್ದರೆ, ಪ್ರಾಣಿ ಅಲ್ಲಿಂದ ಏಳುವುದೇ ಇಲ್ಲ. ಅಡಗುವ ಗೂಡು ಬಿಸಿ ತುದಿಯಲ್ಲಿ ಮಾತ್ರ ಇದ್ದರೂ ಹಾಗೆಯೇ. ತಂಪಿಗಾಗಿ ಬಯಲಿಗೆ ಬರುವುದಕ್ಕಿಂತ ಬಿಸಿಯಲ್ಲೇ ಅಡಗಿರುವುದನ್ನು ಹೆದರಿದ ಹಾವು ಆರಿಸಿಕೊಳ್ಳುತ್ತದೆ. ಎರಡು ತುದಿಗೂ ಒಂದೊಂದು ಗೂಡು ಬೇಕು.

ಕೋಳಿ ಫಾರಂನವರು ಮರಿಗಳಿಗೆ ಬಲ್ಬಿನ ಕಾವು ಕೊಡುವಾಗ ಥರ್ಮಾಮೀಟರ್‌ಗಿಂತ ಮೊದಲು ಮರಿಗಳನ್ನು ನೋಡುತ್ತಾರೆ. ಬಲ್ಬಿನ ಅಡಿ ಒತ್ತಾಗಿ ಗುಂಪುಗೂಡಿದರೆ ಚಳಿ, ದೂರ ಓಡಿದರೆ ಸೆಕೆ, ಹರಡಿಕೊಂಡಿದ್ದರೆ ಸರಿ. ಡಬ್ಬಿಗೂ ಇದೇ ನೋಟ ಬೇಕು. ಹಾವು ಸದಾ ತಂಪು ತುದಿಯಲ್ಲೇ ಇದ್ದರೆ ಅಥವಾ ಮತ್ತೆ ಮತ್ತೆ ನೀರಿನ ಬಟ್ಟಲಿನಲ್ಲಿ ಮುಳುಗಿ ಕೂತರೆ ಸೆಕೆಯ ಅನುಮಾನ ಪಡಬೇಕು.

ಮ್ಯಾಟ್‌ಗೆ ತಾಪಮಾನ ಗೊತ್ತಿಲ್ಲ

ಹೀಟ್ ಮ್ಯಾಟ್ ಕೊಡುವುದು ವ್ಯಾಟ್, ಡಿಗ್ರಿ ಅಲ್ಲ. ಕೋಣೆ 15 ಡಿಗ್ರಿ ಇರಲಿ, 36 ಇರಲಿ, ಅದು ಅಷ್ಟೇ ಬಿಸಿಯನ್ನು ತಳ್ಳುತ್ತಲೇ ಇರುತ್ತದೆ. ಅದೇ ಮ್ಯಾಟ್ ಕಡಪ ಕಲ್ಲಿನ ಮೇಲಿದ್ದರೆ ಕಲ್ಲು ಬಿಸಿಯನ್ನು ಎಳೆದುಕೊಳ್ಳುತ್ತದೆ, ಪ್ಲೈವುಡ್ ಶೆಲ್ಫಿನ ಮೇಲಿದ್ದರೆ ಬಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೊತೆಗೆ ವೋಲ್ಟೇಜ್ ಏರಿಳಿತ ಇದೆ. 230 ವೋಲ್ಟ್ ಇರಬೇಕಾದ ಲೈನ್ 253ಕ್ಕೆ ಏರಿದರೆ, ಅಂದರೆ ಶೇ 10ರಷ್ಟು ಹೆಚ್ಚಿದರೆ, ಮ್ಯಾಟ್‌ನ ಬಿಸಿ ಸುಮಾರು ಶೇ 21ರಷ್ಟು ಹೆಚ್ಚುತ್ತದೆ. ನೇರವಾಗಿ ಪ್ಲಗ್‌ಗೆ ಸಿಕ್ಕಿಸಿದ ಮ್ಯಾಟ್ ಇದನ್ನೆಲ್ಲ ತಡೆಯಲಾರದು. ಫ್ಯಾನ್ ರೆಗ್ಯುಲೇಟರ್‌ನಂತಹ ಡಿಮ್ಮರ್ ಹಾಕಿದರೂ ಅದು ವ್ಯಾಟ್ ಕಡಿಮೆ ಮಾಡುತ್ತದೆಯೇ ಹೊರತು ತಾಪಮಾನ ಅಳೆಯುವುದಿಲ್ಲ.

ಆದ್ದರಿಂದ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಬೇಡವೇ ಬೇಡ. ಅದನ್ನು ಬಳಸುವಾಗ ಗಮನಿಸಬೇಕಾದವು ಇವು:

ಮ್ಯಾಟ್ ಡಬ್ಬಿಯ ಹೊರಗೆ, ತಳದ ಅಡಿಗೆ ಇರಲಿ. ಒಳಗಿಟ್ಟರೆ ಪ್ರಾಣಿ ಅದರ ಅಡಿಗೆ ನುಸುಳುತ್ತದೆ, ನೀರೂ ಚೆಲ್ಲುತ್ತದೆ.

ಡಬ್ಬಿಯ ನಾಲ್ಕು ಮೂಲೆಗೆ ರಬ್ಬರ್ ಬುಡ ಕೊಟ್ಟು ಸ್ವಲ್ಪ ಎತ್ತರಿಸಿ, ಮ್ಯಾಟ್‌ನ ಅಡಿಯಲ್ಲಿ ಗಾಳಿ ಆಡಲಿ.

ಥರ್ಮೋಸ್ಟಾಟ್‌ನ ಸೆನ್ಸರ್ ಅನ್ನು ಮ್ಯಾಟ್ ಮತ್ತು ಡಬ್ಬಿಯ ತಳದ ನಡುವೆ ಗಟ್ಟಿಯಾಗಿ ಅಂಟಿಸಿ. ಡಬ್ಬಿಯ ಒಳಗೆ ಬಿಟ್ಟ ಸೆನ್ಸರ್ ಅನ್ನು ಹಾವು ತಳ್ಳಿದರೆ ಅಥವಾ ಅದರ ಮೇಲೆ ನೀರು ಚೆಲ್ಲಿದರೆ ಥರ್ಮೋಸ್ಟಾಟ್ ‘ಇನ್ನೂ ತಣ್ಣಗಿದೆ’ ಎಂದು ತಿಳಿದು ಬಿಸಿ ಮಾಡುತ್ತಲೇ ಹೋಗುತ್ತದೆ.

ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನೇ ನಂಬಬೇಡಿ. ಪ್ರಾಣಿ ಮಲಗುವ ಜಾಗದ ನೆಲವನ್ನು ಬೇರೆ ಡಿಜಿಟಲ್ ಥರ್ಮಾಮೀಟರ್‌ನಿಂದ ಅಳೆಯಿರಿ. ಹೊರಗಿನ ಸೆನ್ಸರ್‌ಗೂ ಒಳಗಿನ ನೆಲಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ.

ಪ್ರಾಣಿಯನ್ನು ಬಿಡುವ ಮೊದಲು ಖಾಲಿ ಡಬ್ಬಿಯನ್ನು ಒಂದು ಪೂರ್ತಿ ಹಗಲು, ರಾತ್ರಿ ನಡೆಸಿ ನೋಡಿ.

ಮ್ಯಾಟ್ ಮಡಚಬೇಡಿ, ಕತ್ತರಿಸಬೇಡಿ, ಮೊಳೆ ಹೊಡೆಯಬೇಡಿ. ಕಂದು ಕಲೆ ಕಂಡರೆ ಬದಲಿಸಿ. ನೀರು ವೈರಿನಗುಂಟ ಪ್ಲಗ್‌ಗೆ ಇಳಿಯದಂತೆ ವೈರ್ ಅನ್ನು ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿಡಿ.

ಸೊಂಟನೋವಿಗೆ ಬಳಸುವ ಹೀಟಿಂಗ್ ಪ್ಯಾಡ್ ಇದಕ್ಕೆ ಬದಲಿ ಆಗಲಾರದು. ಅದು ಮನುಷ್ಯರು ಎಚ್ಚರವಿದ್ದು ಸ್ವಲ್ಪ ಹೊತ್ತು ಬಳಸಲು ಮಾಡಿದ್ದು.

ಥರ್ಮೋಸ್ಟಾಟ್ ತಂಪು ಮಾಡಲಾರದು

ಥರ್ಮೋಸ್ಟಾಟ್‌ಗೆ ಗೊತ್ತಿರುವುದು ಎರಡೇ ಕೆಲಸ: ಬಿಸಿ ಕೊಡು, ಬಿಸಿ ನಿಲ್ಲಿಸು. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯ ಕೋಣೆ 36 ಡಿಗ್ರಿಗೆ ಹೋದರೆ ಮ್ಯಾಟ್ ಆರಿದ್ದರೂ ಡಬ್ಬಿಯ ಎರಡೂ ತುದಿ 36 ಡಿಗ್ರಿಯೇ. ಮುಚ್ಚಳದ ತೂತುಗಳು ಸಾಲದಿದ್ದರೆ, ಕಿಟಕಿಯ ಬಿಸಿಲು ಬಿದ್ದರೆ ಇನ್ನೂ ಹೆಚ್ಚು. ಬಾಲ್ ಪೈಥಾನ್‌ನಂತಹ ಹಾವು ಇಂತಹ ಬಿಸಿಯನ್ನು ಹೆಚ್ಚು ಹೊತ್ತು ತಾಳಲಾರದು. ಚಳಿಯಲ್ಲಿ ಒಂದು ರಾತ್ರಿ ಕರೆಂಟ್ ಹೋದರೆ ಆರೋಗ್ಯವಂತ ಹಾವು ಮಂಕಾಗಿ ಮಲಗಿ, ಬೆಳಗ್ಗೆ ಚೇತರಿಸಿಕೊಳ್ಳುತ್ತದೆ. ಬಿಸಿ ಅಂತಹ ಅವಕಾಶ ಕೊಡುವುದಿಲ್ಲ.

ದಾವಣಗೆರೆ, ಹರಿಹರದ ಕಡೆಯ ಮನೆಗಳಲ್ಲಿ ಮ್ಯಾಟ್‌ಗೆ ನಿಜವಾದ ಕೆಲಸ ಇರುವುದು ಮಳೆಗಾಲದ ಥಂಡಿ ದಿನಗಳಲ್ಲಿ ಮತ್ತು ಚಳಿಗಾಲದ ರಾತ್ರಿಗಳಲ್ಲಿ. ಮಾರ್ಚ್‌ನಿಂದ ಮೇವರೆಗೆ ಪ್ಲಗ್ ಕಿತ್ತು, ಡಬ್ಬಿಯನ್ನು ಮನೆಯ ಅತಿ ತಂಪಾದ ಕೋಣೆಯ ನೆಲದ ಮೇಲೆ ಇಡುವುದು ಹೆಚ್ಚು ಮುಖ್ಯ. ಸೋಲ್ಡರಿಂಗ್ ಕಡ್ಡಿಯಿಂದ ಎರಡೂ ಬದಿಗೆ ಗಾಳಿಯ ತೂತು ಮಾಡಿ, ಅಂಚು ಚುಚ್ಚದಂತೆ ನಯಗೊಳಿಸಿ. ಈ ಕೆಲಸವನ್ನು ಪ್ರಾಣಿ ಒಳಗಿಲ್ಲದಾಗ, ಬಯಲಿನಲ್ಲಿ ಮಾಡಬೇಕು.

ಸುಟ್ಟ ಗುರುತು ಕಂಡರೆ

ಹೊಟ್ಟೆಯಡಿಯ ಹುರುಪೆ ಕೆಂಪಾಗುವುದು, ಕಂದು ಬಣ್ಣಕ್ಕೆ ತಿರುಗುವುದು, ಗುಳ್ಳೆ ಏಳುವುದು ಸುಟ್ಟಗಾಯದ ಲಕ್ಷಣಗಳು. ಗಾಯ ಕಾಣಿಸಿಕೊಳ್ಳಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಹೀಗಾಗಿ ವಾರಕ್ಕೊಮ್ಮೆಯಾದರೂ ಹೊಟ್ಟೆಯ ಭಾಗ ನೋಡುವ ರೂಢಿ ಇರಲಿ. ಅರಿಶಿನ, ತುಪ್ಪ, ಟೂತ್‌ಪೇಸ್ಟ್ ಹಚ್ಚುವುದು ಮನುಷ್ಯರ ಗಾಯಕ್ಕೂ ಒಳ್ಳೆಯದಲ್ಲ, ಹಾವಿಗೂ ಅಲ್ಲ. ಮ್ಯಾಟ್ ಆರಿಸಿ, ಹಾಸು ತೆಗೆದು ಸ್ವಚ್ಛ ಕಾಗದ ಹಾಸಿ, ಪಶುವೈದ್ಯರಿಗೆ ತೋರಿಸಬೇಕು.

ಊರಿನಲ್ಲಿ ಸಿಕ್ಕ ಗಾಯಗೊಂಡ ಹಾವನ್ನು ಚಳಿಯಾದೀತೆಂದು ಮ್ಯಾಟ್ ಮೇಲೆ ಇಡುವ ಅಗತ್ಯವಿಲ್ಲ. ತೂತಿರುವ ಡಬ್ಬಿಯಲ್ಲಿ, ನೆರಳಿನಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. ಹಿಡಿಯುವ ಕೆಲಸ ಮಾತ್ರ ತರಬೇತಿ ಪಡೆದವರದೇ ಆಗಿರಲಿ. ಆನಗೋಡಿನ ಬಯಲಿನ ಚಳಿ, ಸೆಕೆ ಎರಡೂ ನಮ್ಮ ಹಾವುಗಳಿಗೆ ಹೊಸತಲ್ಲ.